ಕಾಮನ್ ಲಿಸ್ಪ್‌ನಲ್ಲಿ ವಿಂಡೋ ತೆರೆಯುತ್ತಿಲ್ಲವೇ? ಕೆಳಗಿನಿಂದ ಹುಡುಕುತ್ತಾ ಬನ್ನಿ

ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರು ಲಿಸ್ಟ್, ರಿಕರ್ಷನ್, ಮ್ಯಾಕ್ರೊಗಳನ್ನೆಲ್ಲ ದಾಟಿ ಬಂದು, ಪರದೆಯ ಮೇಲೆ ಒಂದು ತ್ರಿಕೋನ ಬಿಡಿಸಲು ಹೋಗಿ ಮುಗ್ಗರಿಸುವುದು ಸಾಮಾನ್ಯ. ವಿಂಡೋ ತೆರೆಯಲು, ಚಿತ್ರ ಬಿಡಿಸಲು ಬಳಸುವ ಎಸ್‌ಡಿಎಲ್2, ರೇಲಿಬ್, ಓಪನ್‌ಜಿಎಲ್ ಎಲ್ಲವೂ ಸಿ ಭಾಷೆಯ ಸರಕು. ಲಿಸ್ಪ್ ಕಡೆ ಇರುವುದು ಅವುಗಳನ್ನು ಕರೆಯುವ ತೆಳ್ಳನೆಯ ಬೈಂಡಿಂಗ್ ಅಷ್ಟೇ. ಬಹುಪಾಲು ತಕರಾರು ಹುಟ್ಟುವುದು ಇವೆರಡೂ ಕೂಡುವ ಜಾಗದಲ್ಲಿ. ಆದ್ದರಿಂದ ನಿಮ್ಮ ಕೋಡ್ ತಿದ್ದುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಡ್ರೈವರ್, ಆಮೇಲೆ ಸಿ ಲೈಬ್ರರಿ, ಆಮೇಲೆ ಬೈಂಡಿಂಗ್ ನೋಡಿ. ಇಲ್ಲಿ ಹೇಳುವುದೆಲ್ಲ ಎಸ್‌ಬಿಸಿಎಲ್ ಕಂಪೈಲರ್ ಮತ್ತು ಲಿಸ್ಪ್ ಲೈಬ್ರರಿಗಳನ್ನು ತಂದುಕೊಡುವ ಕ್ವಿಕ್‌ಲಿಸ್ಪ್ ಬಳಸುವವರಿಗೆ.

ಮೊದಲು ಡ್ರೈವರ್

ಉಬುಂಟುವಿನಲ್ಲಿ ಮೆಸಾ-ಯುಟಿಲ್ಸ್ ಪ್ಯಾಕೇಜ್ ಹಾಕಿ, ಟರ್ಮಿನಲ್‌ನಲ್ಲಿ ಜಿಎಲ್‌ಎಕ್ಸ್‌ಇನ್ಫೊ ಓಡಿಸಿ. ರೆಂಡರರ್ ಎಂಬ ಸಾಲಿನಲ್ಲಿ ನಿಮ್ಮ ಗ್ರಾಫಿಕ್ಸ್ ಚಿಪ್‌ನ ಹೆಸರಿರಬೇಕು. ಎಲ್‌ಎಲ್‌ವಿಎಂಪೈಪ್ ಎಂದು ಬಂದರೆ ಚಿತ್ರವನ್ನೆಲ್ಲ ಸಿಪಿಯುವೇ ಬಿಡಿಸುತ್ತಿದೆ ಎಂದರ್ಥ. ನಿಧಾನವಾಗುವುದಕ್ಕೆ ಲಿಸ್ಪನ್ನು ಬೈದು ಪ್ರಯೋಜನವಿಲ್ಲ.

ಮ್ಯಾಕ್‌ನಲ್ಲಿ ಓಪನ್‌ಜಿಎಲ್ 4.1ಕ್ಕೆ ನಿಂತಿದೆ. ಆ್ಯಪಲ್ 2018ರಲ್ಲೇ ಅದನ್ನು ಹಳತು ಎಂದು ಬದಿಗಿಟ್ಟಿತು. ಇನ್ನೊಂದು ತೊಡಕೂ ಉಂಟು: ಕೋರ್ ಪ್ರೊಫೈಲ್ (ಹಳೆಯ ಕರೆಗಳನ್ನು ಕೈಬಿಟ್ಟ ಓಪನ್‌ಜಿಎಲ್ ರೂಪ) ಬೇಕೆಂದು ನೀವು ಕೇಳದಿದ್ದರೆ ಅಲ್ಲಿ ಸಿಗುವುದು 2.1 ಮಾತ್ರ. ಆಗ 330 ಆವೃತ್ತಿಯ ಶೇಡರ್ (ಗ್ರಾಫಿಕ್ಸ್ ಚಿಪ್ ಮೇಲೆ ಓಡುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗದು. ವಿಂಡೋ ಸೃಷ್ಟಿಸುವ ಮುನ್ನವೇ ಮೇಜರ್ 3, ಮೈನರ್ 3, ಪ್ರೊಫೈಲ್ ಕೋರ್ ಎಂದು ನಿಗದಿ ಮಾಡಿ. ವಿಂಡೋ ಬಂದ ಮೇಲೆ ಹೇಳಿದರೆ ಅದಕ್ಕೆ ಬೆಲೆಯಿಲ್ಲ.

ಲೈಬ್ರರಿ ಸಿಗುತ್ತಿಲ್ಲ ಎಂದರೆ

ಕ್ವಿಕ್‌ಲಿಸ್ಪ್ ತಂದುಕೊಡುವುದು ಲಿಸ್ಪ್ ಕೋಡ್ ಮಾತ್ರ. ಎಸ್‌ಡಿಎಲ್2 ಅನ್ನು ನೀವೇ ಹಾಕಿಕೊಳ್ಳಬೇಕು. ಹಾಕದಿದ್ದರೆ, ಲಿಸ್ಪ್‌ನಿಂದ ಸಿ ಕೋಡ್ ಕರೆಯುವ ಲೈಬ್ರರಿಯಾದ ಸಿಎಫ್‌ಎಫ್‌ಐ ತಾನು ಹುಡುಕಿದ ಹೆಸರುಗಳ ಪಟ್ಟಿ ಕೊಟ್ಟು, ಯಾವುದೂ ಸಿಗಲಿಲ್ಲ ಎಂದು ಡಿಬಗರ್‌ನಲ್ಲಿ ನಿಲ್ಲುತ್ತದೆ. ಆ ಪಟ್ಟಿಯನ್ನು ಓದದೆ ಮುಂದೆ ಹೋಗಬೇಡಿ, ಹುಡುಕಿದ ಫೈಲಿನ ನಿಖರ ಹೆಸರು ಇರುವುದು ಅಲ್ಲೇ. ಬೈಂಡಿಂಗ್ ಕೇಳುತ್ತಿರುವ ಹೆಸರು ಡಾಟ್ ಎಸ್‌ಒ ಎಂದಷ್ಟೇ ಮುಗಿದರೆ, ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅದು ಬರುವುದು ಡೆವ್ ಪ್ಯಾಕೇಜ್‌ನಲ್ಲಿ. ಬರೀ ರನ್‌ಟೈಮ್ ಪ್ಯಾಕೇಜ್‌ನಲ್ಲಿರುವ ಫೈಲಿನ ಹೆಸರಿಗೆ ಕೊನೆಯಲ್ಲಿ ಆವೃತ್ತಿಯ ಅಂಕಿಯೂ ಅಂಟಿಕೊಂಡಿರುತ್ತದೆ.

ಇಲ್ಲಿ ಲಿಸ್ಪ್‌ನ ಒಂದು ಸೌಕರ್ಯ ಬಳಸಿಕೊಳ್ಳಿ. ಡಿಬಗರ್ ಮುಚ್ಚಬೇಡಿ. ಇನ್ನೊಂದು ಟರ್ಮಿನಲ್‌ನಲ್ಲಿ ಪ್ಯಾಕೇಜ್ ಹಾಕಿ, ಮರಳಿ ಬಂದು ರೀಟ್ರೈ ಆಯ್ಕೆಯ ಸಂಖ್ಯೆ ಒತ್ತಿದರೆ ಲೋಡಿಂಗ್ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಗಳಲ್ಲಿ ಹೋಮ್‌ಬ್ರೂ ಎಲ್ಲವನ್ನೂ ಆಪ್ಟ್ ಫೋಲ್ಡರ್‌ನೊಳಗಿನ ಹೋಮ್‌ಬ್ರೂನಲ್ಲಿ ಇಡುತ್ತದೆ. ಇಂಟೆಲ್ ಮ್ಯಾಕ್‌ಗಳಂತೆ ಯುಎಸ್‌ಆರ್ ಲೋಕಲ್‌ನಲ್ಲಿ ಅಲ್ಲ. ಸಿಎಫ್‌ಎಫ್‌ಐಗೆ ಆ ದಾರಿ ಗೊತ್ತಿಲ್ಲದಿದ್ದರೆ ಫಾರಿನ್-ಲೈಬ್ರರಿ-ಡೈರೆಕ್ಟರೀಸ್ ಎಂಬ ಅದರ ಪಟ್ಟಿಗೆ ಸೇರಿಸಿ. ಫೈಲ್ ಇದ್ದೂ ಆರ್ಕಿಟೆಕ್ಚರ್ ಹೊಂದುತ್ತಿಲ್ಲ ಎಂದು ಬಂದರೆ, ಇಂಟೆಲ್‌ಗಾಗಿ ಕಟ್ಟಿದ ಎಸ್‌ಬಿಸಿಎಲ್ ಎಆರ್‌ಎಂ ಲೈಬ್ರರಿಯನ್ನು ಎತ್ತಿಕೊಳ್ಳಲು ಹೋಗಿದೆ. ಮಷೀನ್-ಟೈಪ್ ಫಂಕ್ಷನ್ ಕರೆದರೆ ನಿಮ್ಮ ಲಿಸ್ಪ್ ಯಾವ ಜಾತಿಯದೆಂದು ತಿಳಿಯುತ್ತದೆ.

ರೇಲಿಬ್ ಬಳಸುವವರಿಗೆ ಇನ್ನೊಂದು ಮೆಟ್ಟಿಲು ಜಾಸ್ತಿ. ಬಣ್ಣ, ವೆಕ್ಟರ್, ಆಯತ ಇವನ್ನೆಲ್ಲ ರೇಲಿಬ್ ಪಾಯಿಂಟರ್ ಇಲ್ಲದೆ ಇಡೀ ಸ್ಟ್ರಕ್ಟ್ (ಹಲವು ಬೆಲೆಗಳ ಕಟ್ಟು) ಆಗಿಯೇ ತೆಗೆದುಕೊಳ್ಳುತ್ತದೆ. ಸಿಎಫ್‌ಎಫ್‌ಐಗೆ ಅದು ಒಂಟಿಯಾಗಿ ಸಾಧ್ಯವಿಲ್ಲ, ಲಿಬ್‌ಎಫ್‌ಎಫ್‌ಐ ಎಂಬ ಸಿ ಲೈಬ್ರರಿ ಜೊತೆಗಿರಬೇಕು. ಎಫ್‌ಎಫ್‌ಐ ಹೆಡರ್ ಸಿಗಲಿಲ್ಲ ಎಂದು ಕಂಪೈಲ್ ನಿಂತರೆ ಜಿಸಿಸಿ ಮತ್ತು ಲಿಬ್‌ಎಫ್‌ಎಫ್‌ಐ-ಡೆವ್ ಎರಡನ್ನೂ ಹಾಕಿ.

ತಪ್ಪೇ ಇಲ್ಲದ ಕೋಡ್‌ನಲ್ಲಿ ಭಾಗಾಕಾರದ ದೋಷ

ಹೊಸಬರು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇದರಲ್ಲಿ. ನೀವು ಎಲ್ಲೂ ಭಾಗಿಸಿಲ್ಲ, ಆದರೂ ಸೊನ್ನೆಯಿಂದ ಭಾಗಿಸಲಾಗಿದೆ ಅಥವಾ ಫ್ಲೋಟಿಂಗ್ ಪಾಯಿಂಟ್ ಕ್ರಿಯೆ ಅಸಿಂಧು ಎಂದು ಡಿಬಗರ್ ಎದ್ದು ನಿಲ್ಲುತ್ತದೆ. ಒಮ್ಮೊಮ್ಮೆ ವಿಂಡೋ ತೆರೆಯುವ ಸಾಲಿನಲ್ಲೇ ಹೀಗಾಗುತ್ತದೆ.

ದಶಮಾಂಶ ಲೆಕ್ಕದಲ್ಲಿ ಸೊನ್ನೆಯ ಭಾಗಾಕಾರ, ಓವರ್‌ಫ್ಲೋ, ಅಸಿಂಧು ಕ್ರಿಯೆ ನಡೆದರೆ ಸಿಪಿಯು ಕೂಡಲೇ ಕೂಗಿಕೊಳ್ಳುವಂತೆ ಎಸ್‌ಬಿಸಿಎಲ್ ಟ್ರ್ಯಾಪ್ ಹಾಕಿರುತ್ತದೆ. ಸಿ ಲೈಬ್ರರಿಗಳು ಬರೆದಿರುವುದು ಈ ಟ್ರ್ಯಾಪ್ ಇರುವುದಿಲ್ಲ ಎಂಬ ನಂಬಿಕೆಯ ಮೇಲೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ನ್ಯಾನ್ (ಸಂಖ್ಯೆಯಲ್ಲ) ಎಂಬ ಬೆಲೆ ಸಿಗುತ್ತದೆ, ಅವು ತಮ್ಮ ಪಾಡಿಗೆ ಮುಂದೆ ಹೋಗುತ್ತವೆ. ಗ್ರಾಫಿಕ್ಸ್ ಡ್ರೈವರ್ ಒಳಗೆ ಇದು ಮಾಮೂಲು. ಆದರೆ ಕರೆದದ್ದು ಲಿಸ್ಪ್ ಆಗಿರುವುದರಿಂದ ಟ್ರ್ಯಾಪ್ ಅಲ್ಲೂ ಜಾರಿಯಲ್ಲಿರುತ್ತದೆ.

ಪರಿಹಾರ: ಮುಖ್ಯ ಲೂಪನ್ನು ವಿತ್-ಫ್ಲೋಟ್-ಟ್ರ್ಯಾಪ್ಸ್-ಮಾಸ್ಕ್ಡ್ ಎಂಬ ಮ್ಯಾಕ್ರೊ ಒಳಗೆ ಇಡಿ. ಅದು ಎಸ್‌ಬಿಸಿಎಲ್‌ನ ಎಸ್‌ಬಿ-ಇಂಟ್ ಪ್ಯಾಕೇಜ್‌ನಲ್ಲಿ ಇದೆ. ಬೇರೆ ಕಂಪೈಲರ್‌ಗಳಲ್ಲೂ ಓಡಬೇಕಿದ್ದರೆ ಫ್ಲೋಟ್-ಫೀಚರ್ಸ್ ಲೈಬ್ರರಿಯದನ್ನು ಬಳಸಿ. ಇನ್‌ವ್ಯಾಲಿಡ್, ಡಿವೈಡ್-ಬೈ-ಜೀರೊ, ಓವರ್‌ಫ್ಲೋ, ಇನೆಕ್ಸಾಕ್ಟ್ ನಾಲ್ಕನ್ನೂ ಪಟ್ಟಿಯಲ್ಲಿ ಕೊಡಿ. ಕೆಲವು ಬೈಂಡಿಂಗ್‌ಗಳು ಇದನ್ನು ತಾವೇ ಮಾಡಿಕೊಂಡಿರುತ್ತವೆ. ಆದರೆ ಇದರ ಪರಿಣಾಮ ಆಯಾ ಥ್ರೆಡ್‌ಗೆ (ಪ್ರೋಗ್ರಾಂನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ) ಸೀಮಿತ. ನೀವೇ ಹೊಸ ಥ್ರೆಡ್ ಹುಟ್ಟಿಸಿದರೆ ಅಲ್ಲೂ ಈ ಮ್ಯಾಕ್ರೊ ಸುತ್ತುವುದು ಕ್ಷೇಮ. ಇದಕ್ಕೊಂದು ದಂಡವೂ ಇದೆ: ಈಗ ನಿಮ್ಮದೇ ಲೆಕ್ಕ ತಪ್ಪಿದರೂ ಯಾರೂ ಎಚ್ಚರಿಸುವುದಿಲ್ಲ. ಆಟದ ಗೊಂಬೆ ಪರದೆಯಿಂದ ಏಕಾಏಕಿ ಮಾಯವಾದರೆ ಅದರ ಸ್ಥಾನ ನ್ಯಾನ್ ಆಗಿದೆಯೇ ಎಂದು ಪ್ರಿಂಟ್ ಮಾಡಿ ನೋಡಿ.

ಇದರ ಪಕ್ಕದ ಮನೆಯ ತಪ್ಪು: ಸಿ ಕಡೆ ಫ್ಲೋಟ್ ಬೇಕಿರುವಲ್ಲಿ 1 ಎಂದೋ 1.0d0 ಎಂದೋ ಕೊಡುವುದು. ಸಿಎಫ್‌ಎಫ್‌ಐ ತಾನಾಗಿ ಬದಲಾಯಿಸಿಕೊಳ್ಳುವುದಿಲ್ಲ, ಸಿಂಗಲ್-ಫ್ಲೋಟ್ ಅಲ್ಲ ಎಂದು ತಿರಸ್ಕರಿಸುತ್ತದೆ. 1.0 ಎಂದು ಬರೆದರೆ ಸಾಕು.

ಯಾವ ಥ್ರೆಡ್?

ಟರ್ಮಿನಲ್‌ನಲ್ಲಿ ಓಡುವ ಪ್ರೋಗ್ರಾಂ ಇಮ್ಯಾಕ್ಸ್ ಎಡಿಟರ್‌ನ ಲಿಸ್ಪ್ ಪರಿಸರವಾದ ಸ್ಲೈಮ್‌ನಿಂದ ಓಡಿಸಿದಾಗ ಮ್ಯಾಕ್‌ನಲ್ಲಿ ಸತ್ತುಬಿದ್ದರೆ ಕಾರಣ ಇದೇ. ಮ್ಯಾಕ್‌ನಲ್ಲಿ ವಿಂಡೋ ಕೆಲಸವೆಲ್ಲ ಮುಖ್ಯ ಥ್ರೆಡ್‌ನಲ್ಲೇ ಆಗಬೇಕು. ಸ್ಲೈಮ್ ನಿಮ್ಮ ಆಜ್ಞೆಗಳನ್ನು ಓಡಿಸುವುದು ಬೇರೆ ಥ್ರೆಡ್‌ನಲ್ಲಿ. ಎಸ್‌ಡಿಎಲ್2 ಬೈಂಡಿಂಗ್‌ನ ಮೇಕ್-ದಿಸ್-ಥ್ರೆಡ್-ಮೇನ್, ಅಥವಾ ಟ್ರಿವಿಯಲ್-ಮೇನ್-ಥ್ರೆಡ್ ಲೈಬ್ರರಿ ಬಳಸಿ.

ಲಿನಕ್ಸ್‌ನಲ್ಲಿ ಪ್ರೋಗ್ರಾಂ ಸಾಯದಿರಬಹುದು, ಆದರೆ ಓಡುತ್ತಿರುವ ವಿಂಡೋದ ಬಣ್ಣ ಬದಲಿಸಲು ರೆಪ್ಲ್‌ನಿಂದ (ಲಿಸ್ಪ್‌ಗೆ ನೇರವಾಗಿ ಆಜ್ಞೆ ಬರೆಯುವ ಜಾಗ) ಆಜ್ಞೆ ಕೊಟ್ಟರೆ ಏನೂ ಆಗುವುದಿಲ್ಲ. ಓಪನ್‌ಜಿಎಲ್ ಕಾಂಟೆಕ್ಸ್ಟ್ (ಚಿತ್ರ ಬಿಡಿಸುವ ಸ್ಥಿತಿಯ ಕಂತೆ) ಒಂದು ಸಲಕ್ಕೆ ಒಂದೇ ಥ್ರೆಡ್‌ನ ಸ್ವತ್ತು. ಆಜ್ಞೆಯನ್ನು ಎಸ್‌ಡಿಎಲ್2 ಬೈಂಡಿಂಗ್‌ನ ಇನ್-ಮೇನ್-ಥ್ರೆಡ್ ಮ್ಯಾಕ್ರೊ ಒಳಗೆ ಹಾಕಿ ಕಳುಹಿಸಿ.

ಕಪ್ಪು ಪರದೆ

ಲಿಸ್ಪ್‌ನ ಓಪನ್‌ಜಿಎಲ್ ಬೈಂಡಿಂಗ್ ಪ್ರತಿ ಕರೆಯ ನಂತರ ದೋಷ ಇದೆಯೇ ಎಂದು ತಾನೇ ಕೇಳಿ, ಸಂಖ್ಯೆ ಮತ್ತು ಫಂಕ್ಷನ್ ಹೆಸರು ಎರಡನ್ನೂ ಹೇಳುತ್ತದೆ. ಸಿ ಬರೆಯುವವರಿಗೆ ಇಷ್ಟು ಸುಲಭವಾಗಿ ಇದು ದಕ್ಕುವುದಿಲ್ಲ. 1280 ಎಂದರೆ ಕೊಟ್ಟ ಕೀವರ್ಡ್ ಅಲ್ಲಿ ನಡೆಯದು. 1281 ಎಂದರೆ ಸಂಖ್ಯೆ ಮಿತಿ ಮೀರಿದೆ. 1282 ಎಂದರೆ ಈ ಸ್ಥಿತಿಯಲ್ಲಿ ಈ ಕೆಲಸ ಮಾಡುವಂತಿಲ್ಲ. ಕೋರ್ ಪ್ರೊಫೈಲ್‌ನಲ್ಲಿ ಡ್ರಾ-ಅರೇಸ್ ಮೇಲೆ 1282 ಬಂದರೆ ವರ್ಟೆಕ್ಸ್ ಅರೇ ಆಬ್ಜೆಕ್ಟ್ (ಬಿಂದುಗಳ ಮಾಹಿತಿ ಎಲ್ಲಿದೆ ಎಂದು ನೆನಪಿಡುವ ವಸ್ತು) ಬೈಂಡ್ ಮಾಡಿದ್ದೀರಾ ಎಂದು ಮೊದಲು ನೋಡಿ. ಯೂಸ್-ಪ್ರೋಗ್ರಾಂ ಮೇಲೆ ಬಂದರೆ ಶೇಡರ್ ಲಿಂಕ್ ಆಗಿರುವುದಿಲ್ಲ; ಶೇಡರ್‌ನ ಇನ್ಫೊ-ಲಾಗ್ ಪ್ರಿಂಟ್ ಮಾಡಿದರೆ ಯಾವ ಸಾಲು ಎಂದು ಸಿಗುತ್ತದೆ. ಶೇಡರ್ ಸ್ಟ್ರಿಂಗ್‌ನಲ್ಲಿ ವರ್ಷನ್ ಸಾಲಿಗಿಂತ ಮೊದಲು ಬೇರೆ ಯಾವ ಕೋಡೂ ಇರಬಾರದು.

ಯಾವಾಗಲೋ ಒಮ್ಮೆ ಬೀಳುವ ಪ್ರೋಗ್ರಾಂ

ಐದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಮೆಮೊರಿ ಫಾಲ್ಟ್ ಬಂದರೆ ಗಾರ್ಬೇಜ್ ಕಲೆಕ್ಟರ್ (ಬೇಡದ ಮೆಮೊರಿ ತೆರವು ಮಾಡುವ ಭಾಗ) ಮೇಲೆ ಅನುಮಾನಪಡಿ. ಎಸ್‌ಬಿಸಿಎಲ್ ಆಗ ಇಮೇಜ್ (ಓಡುತ್ತಿರುವ ಲಿಸ್ಪ್‌ನ ಇಡೀ ಸ್ಥಿತಿ) ಕೆಟ್ಟಿರಬಹುದೆಂದು ಎಚ್ಚರಿಸಿ, ದೇವರ ಮೇಲೆ ಭಾರ ಹಾಕಿ ಮುಂದುವರಿಯುತ್ತೇನೆ ಎಂಬ ಧಾಟಿಯ ಸಾಲೊಂದನ್ನು ನಿಜಕ್ಕೂ ಪ್ರಿಂಟ್ ಮಾಡುತ್ತದೆ. ಅದನ್ನು ಕಂಡಮೇಲೆ ಆ ಇಮೇಜ್‌ನಲ್ಲಿ ಕೆಲಸ ಮುಂದುವರಿಸಬೇಡಿ, ಲಿಸ್ಪ್ ಮರುಚಾಲೂ ಮಾಡಿ.

ಗಾರ್ಬೇಜ್ ಕಲೆಕ್ಟರ್ ಅರೇಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸುತ್ತದೆ. ಸಿ ಕಡೆ ಹಳೆಯ ವಿಳಾಸ ಹಿಡಿದು ಕುಳಿತಿದ್ದರೆ ಅಲ್ಲಿ ಈಗ ಬೇರೇನೋ ಇರುತ್ತದೆ. ವಿತ್-ಪಾಯಿಂಟರ್-ಟು-ವೆಕ್ಟರ್-ಡೇಟಾ ಮ್ಯಾಕ್ರೊ ಅರೇಯನ್ನು ಅಲುಗಾಡದಂತೆ ಹಿಡಿದಿಡುವುದು ಅದರ ಆವರಣ ಮುಗಿಯುವ ತನಕ ಮಾತ್ರ. ಬಫರ್-ಡೇಟಾ ಕರೆ ಅಷ್ಟರಲ್ಲಿ ನಕಲು ತೆಗೆದುಕೊಳ್ಳುವುದರಿಂದ ಅಡ್ಡಿಯಿಲ್ಲ. ಪಾಯಿಂಟರನ್ನೇ ಉಳಿಸಿಕೊಳ್ಳುವ ಲೈಬ್ರರಿಗಳಿಗೆ ಫಾರಿನ್-ಅಲಾಕ್‌ನಿಂದ ಜಾಗ ತೆಗೆದು ಕೊಡಿ, ಮುಗಿದ ಮೇಲೆ ಕೈಯಾರೆ ಬಿಡುಗಡೆ ಮಾಡಿ.

ಅನುಮಾನ ಖಚಿತಪಡಿಸಿಕೊಳ್ಳಲು ಪ್ರತಿ ಫ್ರೇಮ್‌ನಲ್ಲೂ ಒಮ್ಮೆ ಪೂರ್ಣ ಜಿಸಿ (ಗಾರ್ಬೇಜ್ ಕಲೆಕ್ಷನ್) ಓಡಿಸಿ. ಪ್ರೋಗ್ರಾಂ ತೆವಳುತ್ತದೆ ನಿಜ, ಆದರೆ ಐದು ನಿಮಿಷಕ್ಕೆ ಬರುತ್ತಿದ್ದ ಕ್ರ್ಯಾಶ್ ಬೇಗನೆ ಕೈಗೆ ಸಿಗುತ್ತದೆ.

ಬೇರೆಯವರಿಗೆ ಕೊಡುವಾಗ

ಸೇವ್-ಲಿಸ್ಪ್-ಆ್ಯಂಡ್-ಡೈ ಎಂಬ ಫಂಕ್ಷನ್ ಬಳಸಿ ಎಕ್ಸಿಕ್ಯೂಟಬಲ್ ಮಾಡುವಾಗ ಬೇರೆ ಥ್ರೆಡ್‌ಗಳು ಓಡುತ್ತಿದ್ದರೆ ಎಸ್‌ಬಿಸಿಎಲ್ ನಿರಾಕರಿಸುತ್ತದೆ. ಹಾಗಾಗಿ ಇದನ್ನು ಸ್ಲೈಮ್ ಬಿಟ್ಟು ಟರ್ಮಿನಲ್‌ನಿಂದಲೇ ಮಾಡಿ. ವಿಂಡೋ, ಟೆಕ್ಸ್ಚರ್, ಶೇಡರ್‌ಗಳನ್ನು ಗ್ಲೋಬಲ್ ವೇರಿಯೇಬಲ್‌ನಲ್ಲಿ ಇಟ್ಟು ಸೇವ್ ಮಾಡಿದರೆ ಮತ್ತೆ ತೆರೆದಾಗ ಅವು ಬರೀ ಸತ್ತ ಸಂಖ್ಯೆಗಳು. ಅವೆಲ್ಲ ಪ್ರೋಗ್ರಾಂ ಶುರುವಾದಾಗ ಓಡುವ ಟಾಪ್‌ಲೆವೆಲ್ ಫಂಕ್ಷನ್ ಒಳಗೇ ಹುಟ್ಟಬೇಕು. ಎಸ್‌ಡಿಎಲ್2 ಈ ಫೈಲಿನೊಳಗೆ ಸೇರಿರುವುದಿಲ್ಲ. ಲೈಬ್ರರಿಗಳನ್ನು ಜೊತೆಗೆ ನಕಲಿಸುವ ಡಿಪ್ಲಾಯ್ ಎಂಬ ಲಿಸ್ಪ್ ಲೈಬ್ರರಿ ಇದೆ. ವಿಂಡೋಸ್‌ಗಾದರೆ ಎಸ್‌ಡಿಎಲ್2 ಡಿಎಲ್‌ಎಲ್ (ಲೈಬ್ರರಿ ಫೈಲ್) ಅನ್ನು ನಿಮ್ಮ ಎಕ್ಸಿಕ್ಯೂಟಬಲ್ ಇರುವ ಫೋಲ್ಡರ್‌ಗೇ ಹಾಕಿಕೊಡಬಹುದು. 64 ಬಿಟ್ ಎಸ್‌ಬಿಸಿಎಲ್‌ಗೆ 64 ಬಿಟ್ ಡಿಎಲ್‌ಎಲ್ಲೇ ಬೇಕು.