ತುಂಬಿದ ಪಿಡಿಎಫ್ ಫಾರಂ ಖಾಲಿ ಕಾಣುತ್ತಿತ್ತು, ನಾನು ಸರಿಮಾಡಿದ್ದು ಹೀಗೆ

ಫಾರಂನ ಫೀಲ್ಡ್ (ತುಂಬುವ ಜಾಗ) ಮೇಲೆ ಕ್ಲಿಕ್ ಮಾಡಿದರೆ ಹೆಸರು ಕಾಣುತ್ತದೆ. ಹೊರಗೆ ಕ್ಲಿಕ್ ಮಾಡಿದರೆ ಮಾಯ. ಪ್ರಿಂಟ್ ಕೊಟ್ಟರೆ ಬರೀ ಗೆರೆಗಳು. ಪಿಡಿಎಫ್ ಫಾರಂ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ಕಾಟ ಇದು.

ಹೋದ ವರ್ಷ ಒಂದು ಸಹಕಾರ ಸಂಘದವರು ಇಂಥ ಆರುನೂರರಷ್ಟು ಸದಸ್ಯತ್ವ ಅರ್ಜಿಗಳನ್ನು ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟರು. ಬೇರೆ ಯಾರೋ ಎಕ್ಸೆಲ್ ಪಟ್ಟಿ ಇಟ್ಟುಕೊಂಡು ಸ್ಕ್ರಿಪ್ಟ್‌ನಿಂದ ತುಂಬಿಸಿದ್ದರು. "ಎಲ್ಲಾ ಹೊಸದಾಗಿ ಟೈಪ್ ಮಾಡ್ಬಿಡಿ ಸಾರ್, ಸುಮ್ನೆ ಟೈಮ್ ವೇಸ್ಟ್" ಎಂದರು ಪಕ್ಕದ ಡಿಟಿಪಿ ಅಂಗಡಿಯವರು. ಡೇಟಾ ಒಳಗೇ ಇರುವಾಗ ಮತ್ತೆ ಯಾಕೆ ಟೈಪ್ ಮಾಡಬೇಕು? ನಾನು ಒಪ್ಪಲಿಲ್ಲ.

ಮೊದಲು ದುಡ್ಡು ಹೋಯಿತು. ಒಂದು ಸಾಫ್ಟ್‌ವೇರ್‌ಗೆ ತಿಂಗಳ ಚಂದಾ ಎರಡು ಸಾವಿರದ ಹತ್ತಿರ ಕಟ್ಟಿದೆ. ಅದರಲ್ಲಿ ಪ್ರತಿ ಫೀಲ್ಡ್ ಮುಟ್ಟಿ ಸೇವ್ ಮಾಡಿದರೆ ಸರಿಹೋಗುತ್ತಿತ್ತು. ಆದರೆ ಒಂದು ಅರ್ಜಿಗೇ ಮೂರ್ನಾಲ್ಕು ನಿಮಿಷ. ಕ್ರೋಮ್‌ನಲ್ಲಿ ತೆರೆದು ಪ್ರಿಂಟ್ ಟು ಪಿಡಿಎಫ್ ಕೊಟ್ಟೆ. ಹೆಸರು ಬಂತು, ಪುಟ ಕುಗ್ಗಿತು. ಫೋಟೋ ಅಂಟಿಸುವ ಚೌಕ ಚಿಕ್ಕದಾಯಿತು ಅಂತ ಸಂಘದವರು ವಾಪಸ್ ಕಳಿಸಿದರು. ಟೆಸ್ಟ್ ಪ್ರಿಂಟ್‌ಗೇ ಅರ್ಧ ರೀಮ್ ಪೇಪರ್ ಖರ್ಚು.

ಆಮೇಲೆ ಕ್ಯುಪಿಡಿಎಫ್ ಅನ್ನುವ ಕಮಾಂಡ್ ಟೂಲ್‌ನ ಕ್ಯುಡಿಎಫ್ ಮೋಡ್‌ನಲ್ಲಿ (ಪಿಡಿಎಫ್‌ನ ಒಳರಚನೆಯನ್ನು ಓದುವಂತೆ ಮಾಡುವ ಮೋಡ್) ಒಂದು ಫೈಲ್ ಬಿಚ್ಚಿ ಟೆಕ್ಸ್ಟ್ ಎಡಿಟರ್‌ನಲ್ಲಿ ನೋಡಿದೆ. ‘ವಿ’ಯಲ್ಲಿ, ಅಂದರೆ ಫೀಲ್ಡ್‌ಗೆ ತುಂಬಿದ ಮೌಲ್ಯದಲ್ಲಿ, ಹೆಸರು ಸರಿಯಾಗಿದೆ. ‘ಎಪಿ’ಯಲ್ಲಿ, ಅಂದರೆ ಫೀಲ್ಡ್ ಹೇಗೆ ಕಾಣಬೇಕೆಂಬ ಭಾಗದಲ್ಲಿ, ಮಾತ್ರ ಹಳೇ ಖಾಲಿ ಚಿತ್ರ. ಪಿಡಿಎಫ್ ತೆರೆಯುವ ರೀಡರ್ ತೋರಿಸುವುದು ಎಪಿಯನ್ನೇ ಅಲ್ವಾ? ತುಂಬಿಸಿದ ಸ್ಕ್ರಿಪ್ಟ್ ಅದನ್ನು ಮುಟ್ಟಿಯೇ ಇರಲಿಲ್ಲ. ಪಿಡಿಎಫ್‌ಟಿಕೆ ಅನ್ನುವ ಇನ್ನೊಂದು ಟೂಲ್‌ನಿಂದ ನೀಡ್ ಅಪಿಯರೆನ್ಸಸ್ (ಎಪಿಯನ್ನು ಹೊಸದಾಗಿ ಬರೆಯಬೇಕು ಅನ್ನುವ ಗುರುತು) ಹಾಕಿದೆ. ಅದನ್ನು ಅಲ್ಲಿಗೇ ಬಿಟ್ಟರೆ ಕೆಲವು ಮೊಬೈಲ್ ಆ್ಯಪ್‌ಗಳು ಕ್ಯಾರೇ ಅನ್ನುವುದಿಲ್ಲ. ಅದಕ್ಕೇ ಕ್ಯುಪಿಡಿಎಫ್‌ನಲ್ಲಿ ಜನರೇಟ್ ಅಪಿಯರೆನ್ಸಸ್ (ಎಪಿಯನ್ನು ಹೊಸದಾಗಿ ಬರೆಯುವುದು), ಫ್ಲ್ಯಾಟನ್ ಅನೋಟೇಶನ್ಸ್ (ಫೀಲ್ಡ್‌ಗಳನ್ನು ಪುಟಕ್ಕೇ ಸೇರಿಸಿಬಿಡುವುದು) ಎರಡೂ ಒಟ್ಟಿಗೆ ಕೊಟ್ಟೆ. ನೀಡ್ ಅಪಿಯರೆನ್ಸಸ್ ಇಲ್ಲದಿದ್ದರೆ ಜನರೇಟ್ ಕೆಲಸವೇ ಮಾಡುವುದಿಲ್ಲ, ನೆನಪಿರಲಿ. ಈ ಕಮಾಂಡ್‌ಗಳನ್ನು ಬ್ಯಾಚ್ ಫೈಲ್‌ಗೆ ಹಾಕಿದ ಮೇಲೆ ಆರುನೂರು ಅರ್ಜಿಗಳೂ ಹತ್ತೇ ನಿಮಿಷದೊಳಗೆ ಮುಗಿದವು. ಡಿಟಿಪಿಯವರೇ ಬಂದು ನೋಡಿಕೊಂಡು ಹೋದರು.

ಚೆಕ್‌ಬಾಕ್ಸ್ ಬೇರೆ ಕಥೆ. ಅಲ್ಲಿ ‘ಎಎಸ್’, ಅಂದರೆ ಟಿಕ್ ಇದೆಯೋ ಇಲ್ಲವೋ ಎಂಬ ಸ್ಥಿತಿ, ಇನ್ನೂ ಆಫ್ ಅಂತಲೇ ಇತ್ತು. ಎಲ್ಲರೂ ಯೆಸ್ ಅಂತ ಹಾಕುತ್ತಾರೆ. ಈ ಫಾರಂನಲ್ಲಿ ಟಿಕ್‌ನ ಹೆಸರು 1 ಅಂತಿತ್ತು. ಎಪಿ ಒಳಗೆ ಯಾವ ಹೆಸರಿದೆಯೋ ಅದನ್ನೇ ಕೊಡಬೇಕು.

ಕನ್ನಡ ಹೆಸರುಗಳಿಗೆ ಜನರೇಟ್ ಕೈಕೊಡುತ್ತದೆ. ಒತ್ತಕ್ಷರ ಬಿಡಿ, ಮೂಲಾಕ್ಷರವೇ ಬರುವುದಿಲ್ಲ. ಅದಕ್ಕೆ ಲಿಬ್ರೆಆಫೀಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್‌ನಿಂದ ಬರೀ ಅಕ್ಷರಗಳ ಪಿಡಿಎಫ್ ಮಾಡಿ, ಪಿಡಿಎಫ್‌ಟಿಕೆಯ ಸ್ಟಾಂಪ್‌ನಿಂದ ಫಾರಂ ಮೇಲೆ ಕೂರಿಸಿದೆ. ಅಕ್ಷರ ಗೆರೆಯ ಮೇಲೆ ಸರಿಯಾಗಿ ಕೂರಲು ನನ್ನದೊಂದು ಲೆಕ್ಕ ಇದೆ. ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಮಧ್ಯೆ ಇನ್ನೊಬ್ಬರ ಫಾರಂ ಬಂತು. ಎಷ್ಟು ಬದಲಿಸಿದರೂ ರೀಡರ್ ಹಳೇ ವಿಳಾಸವನ್ನೇ ತೋರಿಸುತ್ತಿತ್ತು. ಒಳಗೆ ಎಕ್ಸ್‌ಎಫ್‌ಎ (ಫಾರಂ ಇಡುವ ಇನ್ನೊಂದು ಬಗೆ) ಕೂಡ ಇತ್ತು. ರೀಡರ್ ಅದನ್ನೇ ನಂಬುತ್ತಿತ್ತು. ಪಿಡಿಎಫ್‌ಟಿಕೆಯಲ್ಲಿ ಅದನ್ನು ತೆಗೆದುಹಾಕುವ ಡ್ರಾಪ್ ಎಕ್ಸ್‌ಎಫ್‌ಎ ಕೊಟ್ಟ ಕೂಡಲೇ ಹೊಸ ವಿಳಾಸ ಬಂತು. ಬರೀ "ಪ್ಲೀಸ್ ವೇಟ್" ಪುಟ ಮಾತ್ರ ಇರುವ ಎಕ್ಸ್‌ಎಫ್‌ಎ ಫಾರಂಗೆ ಇದು ನಡೆಯುವುದಿಲ್ಲ.

ಈಗ ಇಂಥ ಕೆಲಸಕ್ಕೆ ಅರ್ಜಿಗೆ ಮೂರು ರೂಪಾಯಿ ತೆಗೆದುಕೊಳ್ಳುತ್ತೇನೆ, ಕನ್ನಡ ಇದ್ದರೆ ಐದು. ಡಿಜಿಟಲ್ ಸಹಿ ಆಗಿರುವ ಫೈಲ್ ಮಾತ್ರ ಮುಟ್ಟುವುದಿಲ್ಲ. ಫ್ಲ್ಯಾಟನ್ ಮಾಡಿದರೆ ಸಹಿ ಕೆಡುತ್ತದೆ. ಸಹಿಗೆ ಮೊದಲೇ ತರಲು ಹೇಳುತ್ತೇನೆ.