‘ಹುಳಕ್ಕೆ ಜ್ವರ, ಮಿಸ್’: ಬೇಸಿಗೆಯ ಇಂಗ್ಲಿಷ್ ಕ್ಲಾಸು, ಒಂದು ನೋಟ್‌ಬುಕ್ಕು

ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರ್. ಒಂಬತ್ತು ಮುಗಿಸಿ ಹತ್ತಕ್ಕೆ ಬರುವ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಐದು ವಾರ ಕ್ಲಾಸು ಮಾಡುತ್ತೇನೆ. ಮೊದಲನೇ ವರ್ಷದ್ದು ಪೂರ್ತಿ ಕೆಟ್ಟಿತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಹನ್ನೆರಡು ಟೆನ್ಸುಗಳ ದೊಡ್ಡ ಚಾರ್ಟು ಮಾಡಿದ್ದೆ. ದಿನಾ ಒಂದು ಖಾನೆ ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ಕಾಪಿ ಮಾಡುವುದು. ಎರಡು ಬಣ್ಣದ ಪೆನ್ನಿನಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದರು ಅಂತೀರಿ! ಒಂದು ದಿನ ಒಬ್ಬಳನ್ನ ನಿಲ್ಲಿಸಿ, ನಿನ್ನೆ ಎಲ್ಲಿಗೆ ಹೋಗಿದ್ದೆ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಅವಳು ನೋಟ್‌ಬುಕ್ಕಿನ ಪುಟ ತಿರುವಿ ಹಾಕತೊಡಗಿದಳು, ಉತ್ತರ ಅಲ್ಲೆಲ್ಲೋ ಇದೆ ಅನ್ನುವ ಹಾಗೆ. ಶುರುವಿನಲ್ಲಿ 31 ಜನ ಇದ್ದರು, ಮೂರನೇ ವಾರಕ್ಕೆ 11. ಬಿಸಿಲಿಗೆ ಬರಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮರುವರ್ಷ ಚಾರ್ಟು ಬೀರುವಿನಲ್ಲೇ ಉಳಿಯಿತು. ಒಬ್ಬೊಬ್ಬರಿಗೆ 100 ಪುಟದ ಒಂದು ನೋಟ್‌ಬುಕ್ಕು, ಅಷ್ಟೇ. ಬಲಗಡೆ ಪುಟ ಅವರದ್ದು, ಎಡಗಡೆ ಪುಟ ತಿದ್ದಿ ಬರೆಯುವುದಕ್ಕೆ ಖಾಲಿ. ಸಮಯ ಬೆಳಗ್ಗೆ ಎಂಟೂವರೆಯಿಂದ ಹತ್ತು. ಅದಕ್ಕಿಂತ ಮುಂಚೆ ಇಟ್ಟರೆ ಆಗುವುದಿಲ್ಲ. ಡೈರಿಗೆ ಹಾಲು ಹಾಕಿ, ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಟ್ಟು ಬರಬೇಕು ಅವರು.

ಮೊದಲ ಹದಿನೈದು ನಿಮಿಷ ಐದು ವಾಕ್ಯ. ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಆಗಿದ್ದು ಏನಾದರೂ ಸರಿ, ಆದರೆ ನಿಜವಾಗಿ ಆಗಿರಬೇಕು. ಪದ ಬರದಿದ್ದರೆ ಅಲ್ಲೇ ಕನ್ನಡದಲ್ಲಿ ಬರೆದು ಮುಂದಕ್ಕೆ ಹೋಗಬೇಕು, ಪೆನ್ನು ನಿಲ್ಲಿಸಬಾರದು. ‘ತೆಲುಗಿನಲ್ಲಿ ಬರೆಯಬಹುದಾ ಮಿಸ್?’ ಅಂದ ಒಬ್ಬ. ನಮ್ಮ ಕಡೆ ಅರ್ಧ ಕ್ಲಾಸಿಗೆ ಮನೆಮಾತು ತೆಲುಗು. ‘ಕನ್ನಡ ಅಕ್ಷರದಲ್ಲಿ ಬರಿಯೋ, ಯಾವ ಭಾಷೆಯಾದ್ರೂ ಆಗಲಿ’ ಅಂದೆ.

ಮೂರನೇ ದಿನ ಒಬ್ಬ ಹುಡುಗ ಹೀಗೆ ಬರೆದಿದ್ದ: ‘ವರ್ಮ್ಸ್ ಹ್ಯಾವ್ ಫೀವರ್. ನೋ ಈಟಿಂಗ್. ಹೌಸ್ ಸೈಲೆಂಟ್.’ ನಾನು ಚಿಂತಾಮಣಿ ಪೇಟೆಯಲ್ಲಿ ಬೆಳೆದವಳು, ರೇಷ್ಮೆ ಮನೆಯೊಳಗೆ ಕಾಲಿಟ್ಟವಳಲ್ಲ. ಹುಳಕ್ಕೆಲ್ಲ ರೋಗ ಬಂದಿದೆ, ಬೆಳೆ ಹೋಯಿತೇನೋ ಅಂದುಕೊಂಡು ‘ಅಯ್ಯೋ, ಎಷ್ಟು ನಷ್ಟ ಆಯ್ತಪ್ಪಾ?’ ಅಂತ ಕೇಳಿದೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ‘ಹುಳಕ್ಕೆ ಜ್ವರ, ಮಿಸ್. ನಾಲ್ಕನೇ ಜ್ವರ. ಬರಲೇಬೇಕು.’

ಆಮೇಲೆ ಪಾಠ ಮಾಡಿದವನು ಅವನೇ. ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವಾಗ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಸುಮ್ನೆ ಇರುತ್ತದೆ. ಅದಕ್ಕೇ ರೈತರು ಜ್ವರ ಅನ್ನುತ್ತಾರೆ. ಕೊನೇ ಜ್ವರ ಎದ್ದಮೇಲೆ ಮಾತ್ರ ಹಗಲೂ ರಾತ್ರಿ ಸೊಪ್ಪು ಹಾಕಿದರೂ ಸಾಲದು, ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತದಂತೆ. ‘ಹೌಸ್ ಸೈಲೆಂಟ್’ ಅಂತ ಅವನು ಬರೆದಿದ್ದು ಜ್ವರ ಬಂದು ತಿನ್ನುವ ಸದ್ದು ನಿಂತಿದ್ದಕ್ಕೆ. ಅಷ್ಟು ಒಳ್ಳೆಯ ವಾಕ್ಯವನ್ನ ನಾನು ಕೆಂಪು ಪೆನ್ನಿನಲ್ಲಿ ಸುತ್ತುಹಾಕಿ ಇಟ್ಟಿದ್ದೆ! ಪೊರೆ ಬಿಡುವುದಕ್ಕೆ ಬೋರ್ಡಿನ ಮೇಲೆ ‘ಮೋಲ್ಟ್’ ಅಂತ ಬರೆದೆ, ಅದರ ಪಕ್ಕದಲ್ಲಿ ಗೂಡಿಗೆ ‘ಕಕೂನ್’. ಇವೆರಡು ಪದ ಆ ಬ್ಯಾಚಿನಲ್ಲಿ ಯಾರೂ ಮರೆಯಲಿಲ್ಲ.

ಆವತ್ತಿನಿಂದ ಡಿಕ್ಟೇಷನ್ ಕೂಡ ಬದಲಾಯಿಸಿದೆ. ಪಾಠದ ಪುಸ್ತಕದಿಂದ ಕೊಡುವುದನ್ನ ಬಿಟ್ಟು, ಮಕ್ಕಳೇ ಹಿಂದಿನ ದಿನ ಬರೆದ ವಾಕ್ಯಗಳಲ್ಲಿ ನಾಲ್ಕನ್ನ ಆರಿಸಿ, ತಿದ್ದಿ, ಅದನ್ನೇ ಕೊಡತೊಡಗಿದೆ. ಹೆಸರು ಹೇಳುತ್ತಿರಲಿಲ್ಲ. ಆದರೆ ‘ಅವರ್ ಕೌ ಕಿಕ್ಡ್ ಮೈ ಅಂಕಲ್’ ಅಂದ ಕೂಡಲೇ ಯಾರ ಮನೆಯದು ಅಂತ ಎಲ್ಲರಿಗೂ ಗೊತ್ತು. ನಾಳೆ ನಮ್ಮದು ಬರುತ್ತಾ ಅಂತ ಕಾಯುವುದಕ್ಕಾದರೂ ಬರುತ್ತಿದ್ದರು.

ತಿದ್ದುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಲ್ಲ ತಪ್ಪನ್ನೂ ತಿದ್ದಿದರೆ ಪುಟ ರಕ್ತಸಿಕ್ತ ಆಗುತ್ತದೆ, ಮಗು ಅದನ್ನ ಮುಚ್ಚಿಡುತ್ತದೆ. ಹಾಗಾಗಿ ವಾರಕ್ಕೆ ಒಂದೇ ಜಾತಿಯ ತಪ್ಪು. ಮೊದಲ ವಾರ ಕ್ಯಾಪಿಟಲ್ ಅಕ್ಷರ ಮತ್ತು ಫುಲ್‌ಸ್ಟಾಪ್ ಮಾತ್ರ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅನ್ನುವುದೇ ಇಲ್ಲ ಅಲ್ವಾ, ಅವರಿಗೆ ಅದು ಅಲಂಕಾರ ಅನ್ನಿಸುತ್ತದೆ. ಎರಡನೇ ವಾರ ಪದಗಳ ಜಾಗ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದಕ್ಕೇ ‘ಐ ಮುದ್ದೆ ಏಟ್’ ಅಂತ ಬರೆಯುತ್ತಾರೆ. ಮೂರು ಜನರನ್ನ ಒಂದೊಂದು ಪದದ ಚೀಟಿ ಕೊಟ್ಟು ಮುಂದೆ ನಿಲ್ಲಿಸಿ, ‘ಏಟ್’ ಹಿಡಿದವಳನ್ನ ಕೈಹಿಡಿದು ನಡುವಿಗೆ ಎಳೆದೆ. ನಾಲ್ಕೈದು ದಿನ ಈ ಎಳೆದಾಟ ನಡೆಯಿತು.

ಪ್ರಶ್ನೆ ಮಾಡುವುದು ಎಲ್ಲಕ್ಕಿಂತ ಕಷ್ಟ. ಒಬ್ಬ ತನ್ನ ವಾಕ್ಯ ಓದಬೇಕು, ಪಕ್ಕದವನು ಒಂದು ಪ್ರಶ್ನೆ ಕೇಳಬೇಕು. ಕನ್ನಡದಲ್ಲಿ ‘ಹೋದೆ’ಯ ಬಾಲಕ್ಕೆ ಒಂದು ‘ಆ’ ಸೇರಿಸಿದರೆ ‘ಹೋದೆಯಾ’ ಆಯಿತು. ಇಂಗ್ಲಿಷಿನಲ್ಲಿ ‘ಡಿಡ್’ ಮುಂದೆ ಬರಬೇಕು, ಮೇಲಿಂದ ‘ವೆಂಟ್’ ವಾಪಸ್ ‘ಗೋ’ ಆಗಬೇಕು. ಎಲ್ಲರೂ ‘ಡಿಡ್ ಯೂ ವೆಂಟ್’ ಅನ್ನುವವರೇ. ನಿಯಮ ಹೇಳಿ ಸಾಕಾಗಿ ಕೊನೆಗೆ ಹೇಳಿದೆ: ನಿನ್ನೆಯ ಮೂಟೆಯನ್ನ ‘ಡಿಡ್’ ಹೊತ್ತಾಯಿತು, ಇನ್ನೊಬ್ಬ ಯಾಕೆ ಹೊರಬೇಕು? ಮೂಟೆ ಅನ್ನುವುದು ಕೆಲಸ ಮಾಡಿತು. ತಪ್ಪಿದಾಗ ಪಕ್ಕದವರೇ ‘ಎರಡು ಮೂಟೆ, ಎರಡು ಮೂಟೆ’ ಅಂತ ಕೂಗುತ್ತಿದ್ದರು.

ಗಟ್ಟಿಯಾಗಿ ಓದಿಸುವುದರಲ್ಲಿ ಮಾತ್ರ ನಾನೇ ಎಡವಿದೆ. ಒಬ್ಬ ಹುಡುಗ ‘ಎಗ್’ ಅನ್ನುವುದನ್ನ ‘ಯೆಗ್’ ಅಂದ. ಮೂರು ಸಲ ಹೇಳಿಸಿದೆ, ಮೂರು ಸಲವೂ ‘ಯೆಗ್’. ಉಳಿದವರು ನಕ್ಕರು. ನಾಲ್ಕು ದಿನ ಆ ಹುಡುಗ ಬರಲಿಲ್ಲ. ‘ಹೊಟ್ಟೆನೋವು’ ಅಂತ ಅವನ ಅಕ್ಕ ಬಂದು ಹೇಳಿದಳು, ನನ್ನ ಮುಖ ನೋಡದೆ. ಆಮೇಲೆ ಯೋಚಿಸಿದೆ. ಎ ಕಾರಕ್ಕೆ ಯ ಸೇರಿಸಿ ಹೇಳುವುದು ನಮ್ಮೂರಿನ ನಾಲಿಗೆ, ನಾನೂ ಮನೆಯಲ್ಲಿ ಹಾಗೇ ಅನ್ನುತ್ತೇನೆ. ‘ಯೆಗ್’ ಅಂದರೆ ಯಾರಿಗೆ ಅರ್ಥ ಆಗುವುದಿಲ್ಲ ಹೇಳಿ? ಈಗ ಅರ್ಥ ಕೆಡುವ ಉಚ್ಚಾರಣೆಯನ್ನಷ್ಟೇ ತಿದ್ದುತ್ತೇನೆ, ಅದೂ ಎಲ್ಲರಿಂದ ಒಟ್ಟಿಗೆ ಹೇಳಿಸಿ.

ಇಂಗ್ಲಿಷ್ ಸಾಲಿನ ಮೇಲೆ ಕನ್ನಡ ಅಕ್ಷರದಲ್ಲಿ ಉಚ್ಚಾರಣೆ ಬರೆದುಕೊಂಡು ಓದುವ ಅಭ್ಯಾಸ ಅರ್ಧ ಕ್ಲಾಸಿಗೆ ಇತ್ತು. ಮೊದಲು ಬೈದೆ. ಬೈದಷ್ಟೂ ಪುಟವನ್ನ ಕೈಯಲ್ಲಿ ಮುಚ್ಚಿಕೊಂಡರು. ಆಮೇಲೆ ‘ಪೆನ್ಸಿಲ್‌ನಲ್ಲಿ ಬರ್ಕೊಳ್ಳಿ, ಶನಿವಾರ ಅಳಿಸ್ಬೇಕು’ ಅಂದೆ. ಎಲ್ಲರೂ ಅಳಿಸಲಿಲ್ಲ, ಅದೂ ಗೊತ್ತು.

ಪರೀಕ್ಷೆಗೆ ಬೇಕು ಅಂತ ಪತ್ರ ಬರೆಯುವುದನ್ನೂ ಎರಡು ದಿನ ಮಾಡಿಸಿದೆ. ಅದರಲ್ಲಿ ಹೇಳುವಂಥದ್ದೇನಿಲ್ಲ, ಒಂದು ಬಿಟ್ಟು. ಒಬ್ಬಳು ವಿಳಾಸದಲ್ಲಿ ಕೋಲಾರ ಜಿಲ್ಲೆ ಅಂತ ಬರೆದಿದ್ದಳು. ನಮ್ಮ ತಾಲ್ಲೂಕು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು. ಅದು ಕೋಲಾರದಿಂದ ಒಡೆದು ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಅವಳು ಹುಟ್ಟುವ ಮುಂಚೆಯೇ. ‘ನಮ್ಮ ತಾತ ಹಾಗೇ ಹೇಳೋದು ಮಿಸ್’ ಅಂದಳು.

ಕೊನೇ ದಿನ 31ರಲ್ಲಿ 24 ಜನ ಬಂದಿದ್ದರು. ಬಾರದವರಲ್ಲಿ ಮೂವರ ಮನೆಯಲ್ಲಿ ಹುಳ ಹಣ್ಣಾಗಿ, ಅಂದರೆ ಗೂಡು ಕಟ್ಟುವ ಹದಕ್ಕೆ ಬಂದು, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು, ಆ ಹೊತ್ತಿನಲ್ಲಿ ಮನೆಯವರೆಲ್ಲ ಬೇಕು. ನೋಟ್‌ಬುಕ್ಕಿನ ಮೊದಲ ಪುಟ ತೆಗೆದು ಓದಿಕೊಳ್ಳಿ ಅಂದೆ. ಜ್ವರದ ಹುಡುಗ ತನ್ನ ಮೊದಲ ದಿನದ ‘ಐ ನಾಟ್ ನೋ ಇಂಗ್ಲಿಷ್’ ನೋಡಿ, ‘ಇದನ್ನ ತಿದ್ದಲಾ ಮಿಸ್?’ ಅಂದ. ‘ಬೇಡ ಬಿಡೋ, ಇರಲಿ’ ಅಂದೆ. ನಾನು ಆ ಕಡೆ ತಿರುಗುವಷ್ಟರಲ್ಲಿ ‘ಐ’ ಮತ್ತು ‘ನಾಟ್’ ನಡುವೆ ಒಂದು ಗುರುತು ಹಾಕಿ, ಮೇಲೆ ಪೆನ್ಸಿಲ್‌ನಲ್ಲಿ ಸಣ್ಣದಾಗಿ ‘ಡು’ ಬರೆದಿದ್ದ.