ಬಾಡದಿಂದ ಗೋಕರ್ಣಕ್ಕೆ: ಕಡಲಂಚಿನ ಒಂದು ದಿನದ ನಡಿಗೆ

ಕುಮಟಾ ತಾಲ್ಲೂಕಿನ ಬಾಡದಿಂದ ಹೊರಟು, ಕಾಗಾಲ, ಅಘನಾಶಿನಿ, ತದಡಿ, ಬೇಲೆಕಾನ ದಾಟಿ, ಪ್ಯಾರಡೈಸ್, ಹಾಫ್‌ಮೂನ್, ಓಂ ಮತ್ತು ಕುಡ್ಲೆ ಕಡಲತೀರಗಳ ಮೂಲಕ ಗೋಕರ್ಣ ಸೇರುವ ದಾರಿ ನಮ್ಮ ಕರಾವಳಿಯ ಅತ್ಯಂತ ಸುಂದರವಾದ ಕಾಲ್ನಡಿಗೆಯ ದಾರಿಗಳಲ್ಲೊಂದು. ನಡೆಯಬಲ್ಲವರಿಗೆ ಇದು ಒಂದು ಹಗಲಿನ ಕೆಲಸ. ಆದರೆ ಇಲ್ಲಿ ಹೊತ್ತನ್ನು ನಿರ್ಧರಿಸುವುದು ಗಡಿಯಾರವಲ್ಲ, ಸಮುದ್ರದ ಉಬ್ಬರ ಇಳಿತಗಳು.

ಆದ್ದರಿಂದ ಮೊದಲು ದಿನವನ್ನು ಆರಿಸಿಕೊಳ್ಳಿ. ನವೆಂಬರ್‌ನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಉತ್ತಮ. ಮಳೆಗಾಲದಲ್ಲಿ ಈ ಬಂಡೆಗಳ ಮೇಲೆ ಕಾಲಿಡಲೇಬಾರದು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಮತ್ತು ಈ ಕರಾವಳಿಯಲ್ಲಿ ಆ ಉಬ್ಬರ ಸಾಮಾನ್ಯವಾಗಿ ನಡುಹಗಲಿಗೆ ಸಮೀಪವೇ ಬೀಳುವುದರಿಂದ ನಡೆಯುವವರಿಗೆ ಅದು ಅನುಕೂಲವಲ್ಲ. ಅಷ್ಟಮಿಯ ಹತ್ತಿರದ ದಿನಗಳಲ್ಲಿ ಏರಿಳಿತ ಸೌಮ್ಯವಾಗಿರುತ್ತದೆ, ಇಳಿತವೂ ನಡುಹಗಲಿನ ಕಡೆಗೆ ಬರುತ್ತದೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುವ ಕಾರಣ, ಹೊರಡುವ ದಿನದ ಕಾರವಾರದ ಉಬ್ಬರ ಇಳಿತದ ಪಟ್ಟಿಯನ್ನು ನೋಡಿ, ಕಡಲಿನ ಮಾಹಿತಿ ನೀಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಎಚ್ಚರಿಕೆ ಕೊಟ್ಟಿದೆಯೇ ಎಂದು ಪರಿಶೀಲಿಸಿ. ಎಚ್ಚರಿಕೆ ಇದ್ದರೆ ನಡಿಗೆಯನ್ನು ಮುಂದೂಡಿ.

ಬೆನ್ನಚೀಲದಲ್ಲಿ ಒಬ್ಬರಿಗೆ ಮೂರು ಲೀಟರ್ ನೀರು, ಉಪ್ಪು ಹಾಕಿದ ಮಜ್ಜಿಗೆ ಅಥವಾ ಮುರುಗಲು ಪಾನಕ, ಊಟದ ಬುತ್ತಿ, ಟೋಪಿ ಮತ್ತು ಟಾರ್ಚ್ ಇರಲಿ. ಕಾಲಿಗೆ ಹಿಡಿತವಿರುವ ಬೂಟು ಬೇಕು. ಬಂಡೆಗೆ ಕಚ್ಚಿಕೊಂಡ ಚಿಪ್ಪುಗಳ ಅಂಚು ಬರಿಗಾಲನ್ನು ಸೀಳಿಬಿಡುತ್ತದೆ.

ಬೆಳಿಗ್ಗೆ ಏಳಕ್ಕೆ ಮೊದಲೇ ಬಾಡದ ಮರಳಿನಿಂದ ಉತ್ತರಕ್ಕೆ ಹೊರಡಿ. ಸಮುದ್ರ ಯಾವಾಗಲೂ ನಿಮ್ಮ ಎಡಕ್ಕಿರಬೇಕು. ಚಳಿಗಾಲದ ಬಿಸಿಲು ಹೆಚ್ಚಾಗಿ ಬೆನ್ನಿಗೇ ಬೀಳುತ್ತದೆ. ಕಾಗಾಲದ ಕಡೆಯಿಂದ ಅಘನಾಶಿನಿ ಊರು ತಲುಪಿ, ತಾರಿ ದೋಣಿಯಲ್ಲಿ ನದಿಯನ್ನು ದಾಟಿ ತದಡಿಗೆ ಬನ್ನಿ. ದೋಣಿಯ ವೇಳೆಯನ್ನು ಹಿಂದಿನ ದಿನವೇ ಊರಿನವರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಎಲ್ಲಿಯೂ ಅಣೆಕಟ್ಟಿಲ್ಲದೆ ಕಡಲಿಗೆ ಬರುವ ಈ ನದಿಯ ಅಳಿವೆಯನ್ನು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ತಾಣವೆಂದು ಪ್ರಕಟಿಸಲಾಯಿತು. ನೀರಿಳಿದಾಗ ಇಲ್ಲಿ ಬಳಚು ಎಂಬ ಚಿಪ್ಪುಜೀವಿಗಳನ್ನು ಆರಿಸುವವರು ಕಾಣುತ್ತಾರೆ. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಅವಸರವಿದ್ದರೂ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆಂಬುದು ನನ್ನ ಆಗ್ರಹ.

ನಿಜವಾದ ಒರಟು ಹಾದಿ ಇರುವುದು ಬೇಲೆಕಾನದಿಂದ ಹಾಫ್‌ಮೂನ್‌ವರೆಗೆ. ನೀರು ಪೂರ್ತಿ ಇಳಿಯುವ ಹೊತ್ತಿಗೆ ಎರಡು ಗಂಟೆ ಮುಂಚೆ ಈ ಭಾಗವನ್ನು ಪ್ರವೇಶಿಸಿ, ಇಳಿತ ಮುಗಿದು ಒಂದು ಗಂಟೆಯೊಳಗೆ ಹೊರಬರುವಂತೆ ಲೆಕ್ಕ ಹಾಕಿಕೊಳ್ಳಿ. ಬಂಡೆಗಳನ್ನು ನೋಡಿದರೆ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದು ತಿಳಿಯುತ್ತದೆ: ಚಿಪ್ಪು, ಪಾಚಿ ಹತ್ತಿದ ಕಪ್ಪು ಪಟ್ಟಿಯ ಕೆಳಗೆ ಅಲೆ ದಿನವೂ ಬಡಿಯುತ್ತದೆ, ಅದರ ಮೇಲಿನ ಒಣ ಕಲ್ಲು ಹಿಡಿತ ಕೊಡುತ್ತದೆ. ಹಸಿರು ಮಿನುಗುವ ಕಡೆ ಹೆಜ್ಜೆಯಿಡಬೇಡಿ. ಮೂಲೆ ತಿರುಗುವ ಮುನ್ನ ಕೆಲವು ನಿಮಿಷ ನಿಂತು, ದೊಡ್ಡ ಅಲೆಗಳು ಎಷ್ಟು ಎತ್ತರಕ್ಕೆ ಬರುತ್ತವೆ ಎಂದು ಗಮನಿಸಿ. ಒಂದೇ ಒಂದು ಅಲೆಯಾದರೂ ದಾರಿಯನ್ನು ತೊಳೆದರೆ, ಆ ಮೂಲೆಯನ್ನು ಬಿಟ್ಟು ಗುಡ್ಡದ ಮೇಲಿನ ಕಾಲುದಾರಿಯನ್ನು ಹಿಡಿಯಿರಿ; ಅದೂ ಸ್ಪಷ್ಟವಾಗಿ ಕಾಣದಿದ್ದರೆ ಬೇಲೆಕಾನಕ್ಕೆ ಮರಳಿ ರಸ್ತೆಯ ಮೂಲಕ ಗೋಕರ್ಣಕ್ಕೆ ಹೋಗಿ. ಪ್ಯಾರಡೈಸ್ ಮತ್ತು ಹಾಫ್‌ಮೂನ್‌ಗಳಿಗೆ ವಾಹನ ಬರುವುದಿಲ್ಲ, ಹಾಗಾಗಿ ಇಲ್ಲಿ ಕಾಲು ಉಳುಕಿದರೂ ನೆರವಿಗೆ ದೋಣಿಯನ್ನೇ ಕಾಯಬೇಕಾದೀತು. ಒಬ್ಬರೇ ಹೋಗುವುದು ಬೇಡ. 112 ಸಂಖ್ಯೆ ನೆನಪಿರಲಿ. ಮೊಬೈಲ್ ಸಿಗ್ನಲ್ ಮಾತ್ರ ಎಲ್ಲೆಡೆ ಸಿಗುತ್ತದೆಂದು ನಂಬಬೇಡಿ.

ನಿರ್ಜನ ತೀರದಲ್ಲಿ ಈಜುವ ಆಸೆಯನ್ನು ದಯವಿಟ್ಟು ಬಿಡಿ. ಬಂಡೆಗಳ ನಡುವೆ ಹಿಂದಕ್ಕೆ ಹರಿಯುವ ನೀರಿನ ಸೆಳೆತ ನುರಿತ ಈಜುಗಾರರನ್ನೂ ಒಳಗೆ ಎಳೆಯುತ್ತದೆ, ಗೋಕರ್ಣದ ಕಡಲು ಹೀಗೆ ಅನೇಕ ಜೀವಗಳನ್ನು ತೆಗೆದುಕೊಂಡಿದೆ.

ಹಾಫ್‌ಮೂನ್‌ನಿಂದ ಗುಡ್ಡ ಹತ್ತಿ ಇಳಿದರೆ ಓಂ ತೀರ; ಇಲ್ಲಿ ಅಂಗಡಿಗಳೂ ರಸ್ತೆಯೂ ಸಿಗುತ್ತವೆ. ಡಿಸೆಂಬರ್‌ನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುವುದರಿಂದ, ನಾಲ್ಕೂವರೆಯ ನಂತರ ಓಂ ತಲುಪಿದವರು ಅಲ್ಲಿಂದ ಆಟೊ ಹಿಡಿಯುವುದೇ ಸರಿ. ಹೊತ್ತಿದ್ದರೆ ಕುಡ್ಲೆಯನ್ನು ದಾಟಿ, ಗುಡ್ಡದ ಮೇಲಿನ ರಾಮತೀರ್ಥದ ಬಳಿಯಿಂದ ಗೋಕರ್ಣದ ಪೇಟೆಗೆ ಇಳಿಯಬಹುದು. ರೈಲು ಹಿಡಿಯುವವರು ಗೋಕರ್ಣ ರೋಡ್ ನಿಲ್ದಾಣ ಪೇಟೆಯಿಂದ ಸುಮಾರು ಹತ್ತು ಕಿಲೋಮೀಟರ್ ದೂರವಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಟಿಕೆಟ್ ಕಾಯ್ದಿರಿಸಬೇಕು.